ದೊಡ್ಡಮ್ಮ ಹೊರಳಿದ್ರು

“ಕೆಳಗಿನ ಸಾಲು ಓದಿ.”

“ಕಾಣ್ತಾ ಇಲ್ಲ.”

“ಅದರ ಮೇಲಿನದು?”

“ಅದು ಕಾಣುತ್ತೆ. ಆದ್ರೆ ನಾನು ಬಂದಿರೋದು ಅದನ್ನ ಓದೋಕಲ್ಲ ಅಂತ ನಿಮಗೂ ಗೊತ್ತು.”

ಕನ್ನಡಕದ ಅಂಗಡಿಯ ಯಜಮಾನರು ಗಾಜಿನ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ನನ್ನ ಮೂಗಿನ ಮೇಲೆ ಕೂತಿದ್ದ ಭಾರದ ಚೌಕಟ್ಟಿನಿಂದ ಒಂದು ಗಾಜು ಎತ್ತಿ, ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯಲ್ಲಿ ಅದರದೇ ಜಾಗಕ್ಕೆ ಸೇರಿಸಿ, ಪಕ್ಕದ್ದನ್ನು ತೆಗೆದರು. ಅವಸರ ಎನ್ನುವುದು ಈ ಮನುಷ್ಯನ ಹತ್ತಿರ ಸುಳಿಯುವುದೇ ಇಲ್ಲ. ಹೆಂಡತಿ ನಾಳೆ ಬೆಳಿಗ್ಗೆ ಸಮುದ್ರ ದಾಟಲು ಹೊರಟಿದ್ದಾಳೆ, ಇವರು ಇಲ್ಲಿ ನನ್ನ ಬಲಗಣ್ಣಿಗೆ ಗಾಜು ಹುಡುಕುತ್ತಿದ್ದಾರೆ. ನನಗೆ ಮೈ ಉರಿಯಿತು.

ಹೇಳದೆ ಕೇಳದೆ ಮನೆ ಬಿಟ್ಟು ವರ್ಷಗಳೇ ಆದ ತಮ್ಮನನ್ನು ಹುಡುಕಿಕೊಡಿ ಎಂದು ನನಗೆ ಕೆಲಸ ಒಪ್ಪಿಸಿದ ಹೊಲಿಗೆಯಕ್ಕ ಇವರ ಹೆಂಡತಿ. ಹುಡುಕುತ್ತ ಹುಡುಕುತ್ತ ನಾನು ಬಂದು ನಿಂತದ್ದು ಅವಳ ಗಂಡನ ಅಂಗಡಿಯಲ್ಲಿ. ಅವರ ಮನೆ ಇದೇ ಅಂಗಡಿಯ ಮೇಲೆ.

“ಈಗ?” ಎಂದರು.

“ಮೊದಲಿನದೇ ವಾಸಿ. ಯಜಮಾನರೇ, ಆ ಭೂಕಂಪದ ಪೇಜಿನಲ್ಲಿ ಗಿರಗಿಟ್ಲೆ ಬರೆದ ಹಾಗೆ ಬರೀತಾ ಇರೋದು ನೀವು.”

ಗಿರಗಿಟ್ಲೆ ಎಂದರೆ ಆ ತಮ್ಮ. ಚಿಕ್ಕಂದಿನಲ್ಲಿ ಒಂದು ಕಡೆ ಕೂತವನಲ್ಲವಂತೆ, ಅದಕ್ಕೇ ಆ ಹೆಸರು. ದೊಡ್ಡವನಾದ ಮೇಲೂ ಅಕ್ಕ ಅವನನ್ನು ಬೇರೆ ಹೆಸರಿನಿಂದ ಕರೆದದ್ದನ್ನು ಯಾರೂ ಕೇಳಿಲ್ಲ.

ಯಜಮಾನರ ಬೆರಳು ಗಾಜಿನ ಪೆಟ್ಟಿಗೆಯ ಮೇಲೆ ನಿಂತಿತು. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು, ಇಲ್ಲ ನಗುತ್ತಿದ್ದರು. ಇವರು ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದರು.

ಆ ಪೇಜಿನ ವಿಷಯ ಹೇಳಿಬಿಡುತ್ತೇನೆ. ಲೋಕದಲ್ಲಿ ಎಲ್ಲೇ ನೆಲ ನಡುಗಲಿ, ಅದರ ನಕ್ಷೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಸಣ್ಣ ನಡುಕಕ್ಕೆ ಸಣ್ಣ ಚುಕ್ಕೆ, ದೊಡ್ಡದಕ್ಕೆ ದೊಡ್ಡದು. ಹೊಸತು ಕೆಂಪು, ಹಳತಾದ ಹಾಗೆ ಹಳದಿ. ಚುಕ್ಕೆ ಒತ್ತಿದರೆ ‘ನಿಮಗೆ ಗೊತ್ತಾಯಿತೇ?’ ಎಂದು ಕೇಳುತ್ತದೆ. ಗೊತ್ತಾದವರು ಹೆಸರು ಹಾಕದೆ ತಂತಮ್ಮ ಭಾಷೆಯಲ್ಲಿ ಎರಡು ಸಾಲು ಬರೆಯುತ್ತಾರೆ. ಫ್ಯಾನ್ ಓಲಾಡಿತು, ನಾಯಿ ಮಂಚದಡಿ ಸೇರಿತು, ಬಚ್ಚಲಿನಿಂದ ಇದ್ದ ಹಾಗೇ ಓಡಿ ಬಂದೆ, ಹೀಗೆ. ಓದುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಹೊಲಿಗೆಯಕ್ಕ ಮಾತ್ರ ಹೊತ್ತು ಕಳೆಯಲು ಓದುತ್ತಿರಲಿಲ್ಲ. ಮೆಷಿನ್ನಿನ ಪಕ್ಕದ ದಾರದ ಡಬ್ಬಿಗೆ ಫೋನನ್ನು ಒರಗಿಸಿಕೊಂಡು, ಒಂದು ಹೊಲಿಗೆ ಮುಗಿದರೆ ಒಂದು ಸಲ ಚುಕ್ಕೆ ನೋಡುತ್ತಿದ್ದಳು. ಯಾಕಮ್ಮಾ ಈ ಕಷ್ಟ ಎಂದು ಮೊದಲ ದಿನವೇ ಕೇಳಿದ್ದೆ.

“ಅವನು ಎಲ್ಲಿದ್ದಾನೆ ಅಂತ ಗೊತ್ತಿದ್ರೆ ಒಂದೇ ಊರಿನ ಚಿಂತೆ ಮಾಡ್ಕೊಂಡು ಸುಮ್ನಿರ್ತಿದ್ದೆ ಮೇಡಂ. ಗೊತ್ತಿಲ್ವಲ್ಲ. ಅದಕ್ಕೆ ಎಲ್ಲಾ ಊರಿನ ಚಿಂತೆನೂ ನಂದೇ,” ಎಂದಿದ್ದಳು. ಹೇಳಿ ದಾರವನ್ನು ಹಲ್ಲಿನಿಂದ ಕಡಿದಳು.

ಹೀಗೆ ನೋಡುತ್ತಿದ್ದಾಗ ಒಂದು ದಿನ, ದೂರದ ಯಾವುದೋ ಬೆಟ್ಟದ ಊರಿನ ಚುಕ್ಕೆಯ ಕೆಳಗೆ ನಮ್ಮದೇ ಭಾಷೆಯಲ್ಲಿ ಒಂದು ಸಾಲು ಕಂಡಿತು: ‘ದೊಡ್ಡಮ್ಮ ಹೊರಳಿದ್ರು.’

ಬೇರೆಯವರಿಗೆ ಇದು ತಲೆಬುಡ ಇಲ್ಲದ ಮಾತು. ಅಕ್ಕ ಮಾತ್ರ ಮೆಷಿನ್ ಬಿಟ್ಟು ಎದ್ದು, ಮೆಟ್ಟಿಲಿಳಿದು, ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಗಂಡನನ್ನು ತಬ್ಬಿಕೊಂಡಳಂತೆ. ಅಕ್ಕತಮ್ಮಂದಿರನ್ನು ಸಾಕಿದವಳು ಅವರ ದೊಡ್ಡಮ್ಮ. ಒಂದೇ ಕೋಣೆಯ ಮನೆ. ದೊಡ್ಡಮ್ಮನದು ಭಾರೀ ಮೈಕಟ್ಟು, ಅವಳ ಕಬ್ಬಿಣದ ಮಂಚ ಹಲಗೆ ಗೋಡೆಗೆ ತಾಗಿತ್ತು. ಅವಳು ನಿದ್ದೆಯಲ್ಲಿ ಹೊರಳಿದರೆ ಗೋಡೆ ಅಲುಗಿ ಅಟ್ಟದ ಪಾತ್ರೆಗಳೆಲ್ಲ ಗಲಗಲ ಎನ್ನುತ್ತಿದ್ದವು. ಒಂದು ಸಲ ನಿಜವಾಗಿ ಭೂಮಿ ನಡುಗಿ ಓಣಿಯೆಲ್ಲ ಬೀದಿಗೆ ಬಂದಾಗ ಗಿರಗಿಟ್ಲೆ ಕಣ್ಣೂ ಬಿಡದೆ, “ಮಲ್ಕೊಳ್ಳಕ್ಕ, ದೊಡ್ಡಮ್ಮ ಹೊರಳಿದ್ಲು,” ಎಂದನಂತೆ. ಅಂದಿನಿಂದ ಆ ಮನೆಯಲ್ಲಿ ಭೂಕಂಪಕ್ಕೆ ಅದೇ ಹೆಸರು. ದೊಡ್ಡಮ್ಮ ತೀರಿಕೊಂಡಿದ್ದಾಳೆ. ಆ ಮಾತು ಗೊತ್ತಿರುವವರು ಈಗ ಮೂವರೇ: ಅಕ್ಕ, ತಮ್ಮ ಮತ್ತು ಆ ಮನೆಯ ಅಳಿಯನಾಗಿ ಬಂದ ಈ ಯಜಮಾನರು.

ಆಮೇಲೆ ಆ ಸಾಲು ಆಗಾಗ ಕಾಣಿಸಿಕೊಂಡಿತು. ಒಮ್ಮೆ ಒಂದು ದ್ವೀಪದಲ್ಲಿ, ಒಮ್ಮೆ ಮರಳುಗಾಡಿನ ಅಂಚಿನಲ್ಲಿ, ಕಳೆದ ವಾರ ಸಮುದ್ರದಾಚೆಯ ಒಂದು ಬಂದರು ಪಟ್ಟಣದಲ್ಲಿ. ಅಕ್ಕ ಒಂದೊಂದನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದಳು.

“ನಾನೇ ಅಂತ ಹೇಗೆ ಹೇಳ್ತೀರಿ?” ಯಜಮಾನರು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. “ಅಷ್ಟು ದೂರ ದೂರದ ಊರುಗಳು. ನಾನು ಈ ಬೀದಿ ದಾಟಿದ್ದೇ ಅಪರೂಪ.”

“ಬರೆದೋನೂ ದಾಟಿಲ್ಲ. ಹೋದ ತಿಂಗಳು ನಡುಸಮುದ್ರದಲ್ಲಿ ಒಂದು ಚುಕ್ಕೆ ಬಿತ್ತು. ಸುತ್ತ ನೀರು ಬಿಟ್ರೆ ಏನಿಲ್ಲ. ಅದರ ಕೆಳಗೂ ಇದೇ ಸಾಲು. ಮಾರನೇ ದಿನ ಆ ಚುಕ್ಕೆನೇ ಮಾಯ. ಕಂಪ್ಯೂಟರಿನ ತಪ್ಪಂತೆ. ನಡೀದೇ ಇರೋ ಭೂಕಂಪ, ಅದೂ ಮೀನು ಬಿಟ್ರೆ ಯಾರೂ ಇಲ್ಲದ ಜಾಗ. ಅಲ್ಲಿ ನಡುಗಿತು ಅಂತ ಬರೆಯೋನು ಎಲ್ಲೋ ಕೋಣೆಯಲ್ಲಿ ಕೂತು ನಕ್ಷೆ ನೋಡ್ತಿದ್ದಾನೆ ಅಂತ ಅವತ್ತೇ ಗೊತ್ತಾಯ್ತು.”

“ಕೋಣೆಯಲ್ಲಿ ಕೂತು ಗಿರಗಿಟ್ಲೆನೇ ಬರೆದಿರಬಹುದಲ್ಲ.”

“ಬರೆದಿರಬಹುದಿತ್ತು. ಆದ್ರೆ ಆ ‘ರು’ ಇದೆಯಲ್ಲ!”

ಅವರಿಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ. ಮುಖ ನೋಡಿ ನನಗೆ ನಗು ಬಂತು, ಜೊತೆಗೇ ಅಯ್ಯೋ ಅನ್ನಿಸಿತು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಕಳೆದು ಈ ಪತ್ತೇದಾರಿಕೆಗೆ ಇಳಿದವಳು ನಾನು. ಮುಖ ಮರೆಯುತ್ತೇನೆ, ಮಾತು ಮರೆಯುವುದಿಲ್ಲ. ಅಕ್ಕ ನನ್ನೆದುರು ಆ ಮಾತನ್ನು ಎಷ್ಟು ಸಲ ಹೇಳಿದ್ದಾಳೋ, ಪ್ರತಿ ಸಲವೂ ಹೊರಳಿದ್ಲು. ಸಾಕಿದ ದೊಡ್ಡಮ್ಮನನ್ನು ಮಕ್ಕಳು ಹಾಗೇ ಅನ್ನುವುದು. ಪೇಜಿನಲ್ಲಿ ಮಾತ್ರ ಹೊರಳಿದ್ರು.

“ನಿಮ್ಮ ಹೆಂಡತಿಗೂ ಅದು ಕಂಡಿದೆ,” ಎಂದೆ. “ಏನಂದ್ರು ಗೊತ್ತಾ? ‘ನೋಡಿ ಮೇಡಂ, ಹೊರಗಡೆ ನಾಲ್ಕು ಜನರ ಮಧ್ಯೆ ಇದ್ದು ನಮ್ಮ ಗಿರಗಿಟ್ಲೆ ಮರ್ಯಾದೆ ಕಲ್ತಿದ್ದಾನೆ, ದೊಡ್ಡಮ್ಮಂಗೆ ಬಹುವಚನ ಕೊಡ್ತಾನೆ’ ಅಂತ ಹೆಮ್ಮೆಪಟ್ಟರು.”

ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ತಮ್ಮಂದಿರು ಹಾಗೆಲ್ಲ ಕಲಿಯಲ್ಲ ಯಜಮಾನರೇ. ಅತ್ತೆ ಸ್ಥಾನದಲ್ಲಿದ್ದವರಿಗೆ ಸತ್ತ ಮೇಲೂ ‘ರು’ ಹಚ್ಚೋನು ಆ ಮನೆ ಅಳಿಯ ಒಬ್ಬನೇ.”

ಹೊರಗೆ ಯಾರೋ ಬಾಗಿಲು ತಳ್ಳಿ ನೋಡಿ ಹೋದರು. ಗೋಡೆಯ ಪೆಟ್ಟಿಗೆಯಲ್ಲಿ ಅಕ್ಷರಗಳ ಹಿಂದಿನ ದೀಪ ಗುಂಯ್ ಎನ್ನುತ್ತಿತ್ತು.

“ಅವಳು ಊಟ ಬಿಟ್ಟಿದ್ಲು ಮೇಡಂ,” ಎಂದರು ಕೊನೆಗೆ. “ಎಲ್ಲಾದ್ರೂ ದೊಡ್ಡದಾಗಿ ಭೂಮಿ ನಡುಗಿದ್ರೆ ಸಾಕು, ಆ ಊರಲ್ಲಿ ಇವನಿದ್ನೇನೋ ಅಂತ ಮೆಷಿನ್ ಮುಂದೆ ಕಲ್ಲಾಗಿ ಕೂತಿರೋಳು. ಅನ್ನದ ಮುಂದೆ ಕೂರ್ಸಿದ್ರೆ ಫೋನ್ ನೋಡೋಳು. ಒಂದಿನ ನನಗೆ ಅನ್ನಿಸ್ತು, ಒಂದೇ ಒಂದು ಸಾಲು. ಅವನು ಬದುಕಿದ್ದಾನೆ ಅಂತ ಅವಳಿಗೆ ಗೊತ್ತಾದ್ರೆ ಸಾಕು. ಅವತ್ತು ಅವಳು ಎರಡು ಸಲ ಬಡಿಸ್ಕೊಂಡು ಊಟ ಮಾಡಿದ್ಲು.”

“ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ?”

“ಮತ್ತೆ ಹಸಿವಾಗಲ್ವಾ?” ಎಂದರು.

ಬೈಯಬೇಕೆಂದು ಸಿದ್ಧವಾಗಿ ಬಂದವಳು ನಾನು. ಬಾಯಿ ಬರಲಿಲ್ಲ. ಹೆಂಡತಿಗೆ ಬೇರೆಯವರು ಒಡವೆ ಸೀರೆ ತರುತ್ತಾರೆ, ಈ ಪುಣ್ಯಾತ್ಮ ಊರೂರಿನ ಭೂಕಂಪ ತಂದುಕೊಟ್ಟಿದ್ದಾರೆ.

“ಜನ ಸತ್ತ ಕಡೆ ನಾನು ಬರೀಲಿಲ್ಲ,” ಯಜಮಾನರು ಮುಂದುವರಿಸಿದರು. “ಅಂಥಾ ಕಡೆ ಸುಳ್ಳು ಬರೆಯೋಕೆ ಕೈ ಓಡಲ್ಲ. ಲೋಟ ಅಲುಗೋವಷ್ಟು ನಡುಗಿದ ಊರುಗಳನ್ನೇ ಆರಿಸ್ತಿದ್ದೆ. ಆ ಬಂದರು ಪಟ್ಟಣನೂ ಹಾಗೇ. ನಾನು ಬರೆದಾಗ ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಎರಡು ದಿನ ಬಿಟ್ಟು ಅಲ್ಲೇ ದೊಡ್ಡದು ಬರುತ್ತೆ ಅಂತ ನನಗೇನು ಗೊತ್ತು ಮೇಡಂ?”

ಬಂದದ್ದೇ ಹಾಗೆ. ಸಣ್ಣದರ ಬೆನ್ನಿಗೆ ದೊಡ್ಡದು. ಬಂದರಿನಲ್ಲಿ ಕಟ್ಟಡಗಳು ಬಿದ್ದಿವೆ, ಆಸ್ಪತ್ರೆಗಳು ತುಂಬಿವೆ, ನೆಲ ಇನ್ನೂ ಪೂರ್ತಿ ಸುಮ್ಮನಾಗಿಲ್ಲ. ತಮ್ಮ ಅಲ್ಲೇ ಇದ್ದಾನೆಂದು ನಂಬಿದ ಅಕ್ಕ ಕೂಡಲೇ ಅಟ್ಟದಿಂದ ಬ್ಯಾಗ್ ಇಳಿಸಿದಳು. ಊರ ಹೊರಗಿನ ಸೇತುವೆ ದಾಟುವಾಗಲೇ ತಲೆ ಸುತ್ತುತ್ತದೆ ಎನ್ನುವ ಹೆಂಗಸು ಒಬ್ಬಳೇ ಬಸ್ಸು ಹತ್ತಿ, ಹಡಗು ಹತ್ತಿ, ಆ ಅವಶೇಷಗಳ ನಡುವೆ ಅವನನ್ನು ಹುಡುಕುತ್ತೇನೆ ಎಂದು ನಿಂತಿದ್ದಾಳೆ. ನಿನ್ನೆ ನನ್ನನ್ನು ಕರೆಸಿ ಒಂದು ಅಂಗಿ ತೋರಿಸಿದಳು. ತಮ್ಮನಿಗೆಂದು ಹೊಲಿದದ್ದು.

“ಈಗ ದಪ್ಪ ಆಗಿರ್ತಾನೋ, ಸಣ್ಣ ಆಗಿರ್ತಾನೋ ಯಾರಿಗೆ ಗೊತ್ತು,” ಎಂದು ಅಂಗಿಯ ಒಳಮಗ್ಗುಲು ತಿರುಗಿಸಿ ತೋರಿಸಿದ್ದಳು. “ಅದಕ್ಕೆ ಹೊಲಿಗೆ ಒಳಗೆ ಜಾಸ್ತಿ ಬಟ್ಟೆ ಬಿಟ್ಟಿದ್ದೀನಿ. ಬಿಚ್ಚಿದ್ರೆ ಎಷ್ಟು ಬೇಕೋ ಅಷ್ಟು ಆಗುತ್ತೆ.”

ಅದನ್ನು ಯಜಮಾನರಿಗೆ ಹೇಳಿದೆ. ಅವರು ತಲೆ ತಗ್ಗಿಸಿದರು.

“ನಾಳೆ ಬೆಳಿಗ್ಗೆ ಅವರು ಬಸ್ಸು ಹತ್ತೋಕೆ ಮುಂಚೆ ನೀವು ಹೇಳ್ಬೇಕು,” ಎಂದೆ. “ಇಲ್ಲಾಂದ್ರೆ ನಾನು ಹೇಳ್ತೀನಿ.”

“ಹೇಳಿದ್ರೆ ಅವಳಿಗೆ ತಮ್ಮ ಇವತ್ತು ಸತ್ತ ಹಾಗೆ. ಹೇಳ್ದಿದ್ರೆ ಅವಳನ್ನೇ ಕಳ್ಕೊಳ್ತೀನೇನೋ. ರಾತ್ರಿಯೆಲ್ಲ ಇದನ್ನೇ ಯೋಚಿಸಿದ್ದೀನಿ. ನಾನೇ ಹೇಳ್ತೀನಿ. ಸಂಜೆ ಅಂಗಡಿ ಮುಚ್ಚಿ ಹೇಳ್ತೀನಿ.” ಅವರು ನನ್ನ ಮೂಗಿನ ಮೇಲಿಂದ ಚೌಕಟ್ಟನ್ನು ಮೆಲ್ಲಗೆ ತೆಗೆದರು. “ಆದ್ರೆ ಒಂದು ಮಾತು. ಆ ನಡುಸಮುದ್ರದ್ದು ನಾನು ಬರೆದಿದ್ದಲ್ಲ.”

“ಈಗ ಒಂದನ್ನ ಬಿಟ್ಟು ಏನು ಲಾಭ?”

“ಲಾಭದ ಮಾತಲ್ಲ. ಅದು ನನ್ನ ಕಣ್ಣಿಗೇ ಬಿದ್ದಿಲ್ಲ. ಊರಿಲ್ಲದ ಕಡೆ ನಾನ್ಯಾಕೆ ಬರೀಲಿ? ಏನು ಬರೆದಿತ್ತು ಅದರಲ್ಲಿ?”

ಅಕ್ಕ ಕಳಿಸಿದ್ದ ಫೋಟೋ ನನ್ನ ಫೋನಿನಲ್ಲಿತ್ತು. ತೆಗೆದು ಓದಿದೆ. ಓದಿ, ಮತ್ತೆ ಓದಿದೆ. ಕಣ್ಣು ಪರೀಕ್ಷೆಗೆಂದು ನಾಟಕ ಮಾಡಿಕೊಂಡು ಬಂದವಳಿಗೆ ನಿಜವಾಗಿಯೂ ಕಣ್ಣು ಕೆಟ್ಟಿದೆ ಎಂದು ಆಗ ಗೊತ್ತಾಯಿತು. ಎಲ್ಲ ಕಡೆ ‘ರು’ ನೋಡಿ ನೋಡಿ, ಇಲ್ಲೂ ‘ರು’ ಎಂದೇ ಓದಿಕೊಂಡು ಮುಂದೆ ಹೋಗಿದ್ದೆ.

‘ದೊಡ್ಡಮ್ಮ ಹೊರಳಿದ್ಲು.’

ಫೋನನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಅವರನ್ನ ಏಕವಚನದಲ್ಲಿ?” ಎಂದರು. “ನಾನು? ಪ್ರಾಣ ಹೋದ್ರೂ ನನ್ನ ಕೈಯಲ್ಲಿ ಹೀಗೆ ಬರೆಯೋಕಾಗಲ್ಲ ಮೇಡಂ.”

ಅದನ್ನು ನಾನು ನಂಬಿದೆ. ಸುಳ್ಳಿಗೆ ಸಾಕ್ಷಿ ಎಂದು ನಾನು ಹಿಡಿದುಕೊಂಡಿದ್ದ ಸಾಲೊಂದೇ ನಿಜ ಇದ್ದರೆ?

ಭೂಕಂಪ ಕೇಂದ್ರದಲ್ಲಿ ಆ ಪೇಜು ನೋಡಿಕೊಳ್ಳುವ ಡ್ಯೂಟಿ ಆಫೀಸರಮ್ಮ ನನಗೆ ಈ ಕೇಸಿನಿಂದಲೇ ಪರಿಚಯ. ಫೋನ್ ಮಾಡಿ, ಯಜಮಾನರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ಆ ನಡುಸಮುದ್ರದ ಚುಕ್ಕೆ ಅಳಿಸಿದ್ರಲ್ಲ, ಅಲ್ಲಿ ಏನೂ ನಡುಗಲೇ ಇಲ್ವಾ?”

“ಅಲ್ಲಿ ಇಲ್ಲ,” ಎಂದಳು ಆಕೆ. ಏನೋ ಅಗಿಯುತ್ತಿದ್ದಳು, ಊಟದ ಹೊತ್ತು. “ಬೇರೆ ಕಡೆ ನಡುಗಿತ್ತು. ತುಂಬಾ ಸಣ್ಣದು. ಎರಡು ಮೂರು ಯಂತ್ರಕ್ಕೆ ಮಾತ್ರ ಸಿಕ್ಕಿತು. ಕಂಪ್ಯೂಟರ್ ತಾನೇ ಲೆಕ್ಕ ಹಾಕೋಕೆ ಹೋಗಿ ಎಡವಿ ಸಮುದ್ರಕ್ಕೆ ಹಾಕ್ತು. ಮಾರನೇ ದಿನ ನಾವು ಕೂತು ಸರಿಯಾದ ಜಾಗಕ್ಕೆ ಹಾಕಿದ್ವಿ.”

“ಹಾಗಾದ್ರೆ ಸಮುದ್ರದ ಚುಕ್ಕೆ ಕೆಳಗೆ ಗೊತ್ತಾಯ್ತು ಅಂತ ಬರೆದೋರು?”

“ಅವರಿಗೆ ನಿಜವಾಗೂ ಗೊತ್ತಾಗಿರುತ್ತೆ. ಕಾಲ ಕೆಳಗೆ ನಡುಗಿದ ತಕ್ಷಣ ಪೇಜ್ ತೆಗೀತಾರೆ, ಹೊಸದಾಗಿ ಬಂದ ಚುಕ್ಕೆ ಒತ್ತುತಾರೆ. ಅದು ಎಲ್ಲಿ ಬಿದ್ದಿದೆ ಅಂತ ನೋಡೋವಷ್ಟು ಸಮಾಧಾನ ಯಾರಿಗಿರುತ್ತೆ ಹೇಳಿ.”

“ಸರಿಯಾದ ಜಾಗ ಯಾವುದು?”

“ನಿಮ್ಮೂರೇ ಅಲ್ವಾ? ನಿಮಗೆ ಹೇಳಿಲ್ವಾ ನಾನು?” ಆಕೆ ನೀರು ಕುಡಿದ ಸದ್ದು ಕೇಳಿಸಿತು. “ಊರಾಚೆ ಕಲ್ಲುಕ್ವಾರಿ ಇದೆಯಲ್ಲ, ಅದರ ಹತ್ತಿರ. ಕ್ವಾರಿಯಲ್ಲಿ ಬಂಡೆ ಸಿಡಿಸಿದ್ದಾ ಅಂತ ಫೋನ್ ಮಾಡಿ ಕೇಳಿದ್ದೆ. ಅವತ್ತು ರಜಾ ಅಂದ್ರು. ಊರೊಳಗೆ ಯಾರಿಗೂ ಗೊತ್ತಾಗಿರಲ್ಲ. ಅಲ್ಲೇ ಪಕ್ಕದಲ್ಲಿ ಇರೋರಿಗೆ ಮಾತ್ರ.”

ನಾನು ಫೋನ್ ಇಟ್ಟೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬದುಕಿದ್ದಾನೆ. ಲೋಕದ ಊರುಗಳನ್ನೆಲ್ಲ ಅಕ್ಕ ಜಾಲಾಡುತ್ತಿದ್ದಾಗ ಅವನು ಊರಿನ ಮಗ್ಗುಲಲ್ಲೇ ಇದ್ದ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಇಂಥ ಸುದ್ದಿ ಹೇಳುವ ಭಾಗ್ಯ ನನ್ನ ಕೆಲಸದಲ್ಲಿ ಸಿಗುವುದು ಕಡಿಮೆ.

“ಹೋಗಿ ಹೇಳಿ,” ಎಂದೆ. “ಹೋಗ್ರೀ, ಮೊದಲು ಇದನ್ನ ಹೇಳಿ. ನಿಮ್ಮ ಸುಳ್ಳಿನ ಕತೆ ಆಮೇಲೆ. ಬೈದ್ರೆ ಬೈತಾರೆ.”

ಯಜಮಾನರು ಎದ್ದರು. ಅವಸರವೇ ಗೊತ್ತಿಲ್ಲದ ಮನುಷ್ಯ ಸ್ಟೂಲು ಕೆಡವಿಕೊಂಡು ಒಳಗಿನ ಮೆಟ್ಟಿಲು ಹತ್ತಿದರು. ಹಿಂದೆಯೇ ನಾನೂ ಹತ್ತಿದೆ.

ಹೊಲಿಗೆ ಕೋಣೆಯಲ್ಲಿ ಮೆಷಿನ್ನಿಗೆ ಮುಸುಕು ಹಾಕಿತ್ತು. ನಿನ್ನೆ ಬೀದಿ ಕಡೆಯ ಮೆಟ್ಟಿಲಿನ ಬಾಗಿಲ ಪಕ್ಕ ಸಿದ್ಧವಾಗಿ ನಿಂತಿದ್ದ ಬ್ಯಾಗ್ ಇರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ‘ರೀ, ಮಧ್ಯಾಹ್ನದ ಬಸ್ಸಿಗೇ ಹೋಗ್ತಿದ್ದೀನಿ. ನಾಳೆ ಆದ್ರೆ ನೀವು ಬಸ್‌ಸ್ಟ್ಯಾಂಡಲ್ಲಿ ಎಲ್ಲರ ಮುಂದೆ ಅಳ್ತೀರಿ. ಊಟ ಮುಚ್ಚಿಟ್ಟಿದ್ದೀನಿ. ತಣ್ಣಗಾಗೋಕೆ ಬಿಡ್ಬೇಡಿ.’

ಯಜಮಾನರು ಮೇಜಿನ ಅಂಚು ಹಿಡಿದುಕೊಂಡು ನಿಂತರು. ನಾನು ಅಕ್ಕನಿಗೆ ಫೋನ್ ಮಾಡಿದೆ. ವ್ಯಾಪ್ತಿಯಲ್ಲಿ ಇಲ್ಲ. ಮತ್ತೆ ಮಾಡಿದೆ. ಇಲ್ಲ. ಬಸ್ಸು ಆಗಲೇ ಘಾಟಿ ಹತ್ತಿರಬೇಕು, ಅಲ್ಲಿ ಯಾವ ಫೋನೂ ನಡೆಯುವುದಿಲ್ಲ.

“ಘಾಟಿ ಇಳಿದ ಮೇಲೆ ಸಿಗ್ತಾರೆ. ಇಳಿದ ತಕ್ಷಣ ಮೊದಲು ಆ ಪೇಜ್ ನೋಡ್ತಾರೆ, ಆಮೇಲೇ ಬೇರೆ,” ಎಂದೆ, ಅವರಿಗೂ ನನಗೂ ಸಮಾಧಾನ ಹೇಳಿಕೊಳ್ಳುತ್ತ. “ನಾವು ಅಲ್ಲೇ ಬರೆದುಬಿಡೋಣ.”

ಪೇಜು ತೆಗೆದು ಬಂದರು ಪಟ್ಟಣದ ದೊಡ್ಡ ಚುಕ್ಕೆ ಒತ್ತಿದೆ. ನಮಗಿಂತ ಮುಂಚೆ ಅಕ್ಕ ಬರೆದಿದ್ದಳು. ಬಸ್ಸು ಹತ್ತುವ ಮೊದಲು ಬರೆದದ್ದಿರಬೇಕು.

‘ಗಿರಗಿಟ್ಲೆ, ಎಲ್ಲೂ ಹೋಗ್ಬೇಡ. ಅಲ್ಲೇ ಇರು. ಹೊರಟಿದ್ದೀನಿ.’

ಯಜಮಾನರು ಅದನ್ನು ಓದಿ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಅವರ ಬೆನ್ನು ಸವರಿದೆ. ಪರಪುರುಷರ ಬೆನ್ನು ಸವರುವುದು ನನ್ನ ಅಭ್ಯಾಸವಲ್ಲ, ಆದರೆ ಆ ಹೊತ್ತಿನಲ್ಲಿ ಯಾರಾದರೂ ಸವರುತ್ತಿದ್ದರು.

ಅಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಮೂಡಿತು. ನಮ್ಮ ಕಣ್ಣೆದುರಿಗೇ.

‘ಅಕ್ಕ, ಅಲ್ಲಿಗೆ ಹೋಗ್ಬೇಡ. ಅದೆಲ್ಲ ಬರೆದಿದ್ದು ನಾನಲ್ಲ. ಮನೆಗೂ ವಾಪಸ್ ಹೋಗ್ಬೇಡ. ಭಾವನ್ನ ನಂಬಬೇಡ.’

ನಾನು ಯಜಮಾನರ ಕಡೆ ತಿರುಗಿದೆ. ಅವರು ಅಳುವುದನ್ನು ನಿಲ್ಲಿಸಿದ್ದರು. ಅವನು ಎಲ್ಲಿದ್ದಾನೆ, ಹೇಗಿದ್ದಾನೆ, ಯಾಕೆ ಹೀಗೆ ಬರೆದ, ಒಂದನ್ನೂ ಕೇಳಲಿಲ್ಲ.

“ಮೇಡಂ,” ಎಂದರು ಮೆಲ್ಲಗೆ, “ಬಸ್ಸು ಘಾಟಿ ಇಳಿಯೋದ್ರೊಳಗೆ ಇದನ್ನ ಅಳಿಸೋಕೆ ಬರುತ್ತಾ?”